ಉಬ್ಬಸದ ಪಂಪು: ಹಿಡಿಯುವ ರೀತಿ, ಬಿಡದಿರುವ ರೀತಿ

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಹಾಲು ಉತ್ಪಾದಕ ಸದಸ್ಯರ ಮುಂದೆ ವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಜಿಡ್ಡಿನ ಅಂಶ, ಹಸಿರು ಮೇವು, ಕಾಲುಬಾಯಿ ಜ್ವರದ ಲಸಿಕೆ ಇಂತಹ ವಿಷಯಗಳನ್ನು ಕೇಳಿ ನಿಮಗೆ ಅಭ್ಯಾಸ. ಇವತ್ತು ನಾನು ಹಸುವಿನ ವಿಷಯ ಮಾತನಾಡಲು ಬಂದಿಲ್ಲ. ಹಸು ಕಟ್ಟುವವರ ಎದೆಯ ವಿಷಯ ಮಾತನಾಡಲು ಬಂದಿದ್ದೇನೆ. ಉಬ್ಬಸ, ಗೂರಲು, ದಮ್ಮು ಎಂದು ನಾವು ಕರೆಯುವ, ಪಾವಗಡದ ಕಡೆ ತೆಲುಗು ಮನೆಮಾತಿನವರು ಆಯಾಸಂ ಎನ್ನುವ ಆಸ್ತಮಾ ಕಾಯಿಲೆ, ಅದಕ್ಕೆ ಕೊಡುವ ಪಂಪು, ಆ ಪಂಪನ್ನು ಜನ ಯಾಕೆ ಮಧ್ಯದಲ್ಲೇ ಬಿಡುತ್ತಾರೆ ಎಂಬುದು ಇವತ್ತಿನ ವಿಷಯ.

ಮೊದಲು ಒಂದು ಲೆಕ್ಕ. 2019ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆಸ್ತಮಾ ಇರುವವರು ಸುಮಾರು 3 ಕೋಟಿ 40 ಲಕ್ಷ. ಪ್ರಪಂಚದ ಆಸ್ತಮಾ ರೋಗಿಗಳಲ್ಲಿ ನೂರಕ್ಕೆ 13 ಮಂದಿ ನಮ್ಮವರು. ಆದರೆ ಆಸ್ತಮಾದಿಂದ ಸಾಯುವವರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿ ನಮ್ಮವರು. ನಮ್ಮ ದೇಶದ ಕಾಯಿಲೆ ಬೇರೆ ದೇಶದ ಕಾಯಿಲೆಗಿಂತ ಕ್ರೂರವೇನಲ್ಲ. ಔಷಧ ಇದ್ದೂ ಅದು ಎದೆಗೆ ಇಳಿಯದಿರುವುದೇ ಈ ಅಂತರಕ್ಕೆ ದೊಡ್ಡ ಕಾರಣ ಎಂದು ನನ್ನ ತಿಳಿವಳಿಕೆ.

ಉಬ್ಬಸ ಎಂದರೆ ಏನು? ಎದೆಯೊಳಗೆ ಗಾಳಿ ಓಡಾಡುವ ಸಣ್ಣ ಸಣ್ಣ ಕೊಳವೆಗಳಿವೆ. ಉಬ್ಬಸದವರಲ್ಲಿ ಈ ಕೊಳವೆಗಳ ಒಳಗೋಡೆ ಸದಾ ಕೆಂಪೇರಿ ಊದಿಕೊಂಡಿರುತ್ತದೆ. ಧೂಳು, ಹೊಗೆ, ಚಳಿಗಾಳಿ ಅಥವಾ ನೆಗಡಿ ತಾಗಿದ ಕೂಡಲೇ ಕೊಳವೆಯ ಸುತ್ತಲಿನ ಸ್ನಾಯು ಹಿಂಡಿಕೊಳ್ಳುತ್ತದೆ, ಒಳಗೆ ಕಫ ಕಟ್ಟುತ್ತದೆ. ಆಗ ಕುಯ್ ಕುಯ್ ಎಂಬ ಸದ್ದು, ಎದೆ ಬಿಗಿತ, ರಾತ್ರಿ ಎದ್ದು ಕೂರುವ ಕಷ್ಟ. ಗಮನಿಸಿ, ಇಲ್ಲಿ ಎರಡು ಕೆಲಸ ನಡೆದಿವೆ. ಬಾವು ಎಂಬುದು ದಿನವೂ ಇರುತ್ತದೆ. ಹಿಂಡಿಕೊಳ್ಳುವುದು ಆಗಾಗ ಬರುತ್ತದೆ.

ಇದನ್ನು ನಿಮಗೆ ನಾನು ಕಷ್ಟಪಟ್ಟು ವಿವರಿಸಬೇಕಿಲ್ಲ. ಗುಪ್ತ ಕೆಚ್ಚಲು ಬಾವು ನಿಮಗೆ ಗೊತ್ತೇ ಇದೆ. ಹಸು ಮೇಯುತ್ತದೆ, ಕೆಚ್ಚಲು ಮೆತ್ತಗಿದೆ, ಹಾಲು ಬೆಳ್ಳಗಿದೆ. ಏನೂ ಇಲ್ಲ ಎನ್ನುತ್ತೇವೆ. ಸಿ.ಎಂ.ಟಿ. ದ್ರಾವಣ ಬೆರೆಸಿದರೆ ಹಾಲು ಲೋಳೆಯಾಗುತ್ತದೆ. ಬಾವು ಒಳಗೇ ಇತ್ತು, ಕಾಣಲಿಲ್ಲ ಅಷ್ಟೆ. ಉಬ್ಬಸ ಇರುವವರ ಎದೆಯೂ ಹಾಗೆಯೇ. ಈ ತಿಂಗಳು ದಮ್ಮು ಬರಲಿಲ್ಲ ಎಂದರೆ ಬಾವು ಹೋಯಿತು ಎಂದು ಅರ್ಥವಲ್ಲ.

ಆದ್ದರಿಂದ ಪಂಪಿನಲ್ಲಿ ಎರಡು ಬಗೆ. ಒಂದು ದಿನದ ಪಂಪು. ಬುಡೆಸೊನೈಡ್, ಬೆಕ್ಲೊಮೆಥಾಸೋನ್, ಫ್ಲುಟಿಕಾಸೋನ್ ಎಂಬ ಔಷಧಗಳು ಇದರಲ್ಲಿರುತ್ತವೆ. ಇದು ಬಾವನ್ನು ಇಳಿಸುತ್ತದೆ. ಎಳೆದ ಕೂಡಲೇ ಏನೂ ಗೊತ್ತಾಗುವುದಿಲ್ಲ, ಇದರ ಗುಣ ಕಾಣಲು ಕೆಲವು ದಿನ, ಪೂರ್ತಿ ಕಾಣಲು ಕೆಲವು ವಾರ ಬೇಕು. ಇನ್ನೊಂದು ಆಪತ್ತಿನ ಪಂಪು, ಸಾಲ್ಬುಟಮಾಲ್. ಇದು ಹಿಂಡಿಕೊಂಡ ಸ್ನಾಯುವನ್ನು ಐದು ನಿಮಿಷದಲ್ಲಿ ಸಡಿಲಿಸುತ್ತದೆ, ನಾಲ್ಕು ಗಂಟೆ ಹೊತ್ತು ಕೆಲಸ ಮಾಡುತ್ತದೆ, ಬಾವಿಗೆ ಮಾತ್ರ ಏನೂ ಮಾಡುವುದಿಲ್ಲ. ಜನರಿಗೆ ಸಹಜವಾಗಿಯೇ ಎರಡನೆಯದರ ಮೇಲೆ ಪ್ರೀತಿ. ಎಳೆದರೆ ಹಾಯೆನಿಸುತ್ತದೆ. ಮೊದಲನೆಯದು ‘ಕೆಲಸ ಮಾಡುವುದಿಲ್ಲ’ ಎಂದು ಗೂಡಿನಲ್ಲಿ ಕೂರುತ್ತದೆ. ಸಾವು ಬರುವುದು ಈ ದಾರಿಯಲ್ಲಿ.

ಇದು ನನ್ನ ಮಾತಷ್ಟೇ ಅಲ್ಲ. ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಉಬ್ಬಸ ರೋಗಿಗಳ ಔಷಧ ಖರೀದಿಯ ದಾಖಲೆಗಳನ್ನು ಪರಿಶೀಲಿಸಿ 2000ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ದಿನದ ಪಂಪಿನ ಡಬ್ಬಿಯನ್ನು ಒಂದೊಂದು ಹೆಚ್ಚಾಗಿ ಬಳಸಿದಂತೆಲ್ಲ ಉಬ್ಬಸದಿಂದ ಸಾಯುವ ಪ್ರಮಾಣ ನೂರಕ್ಕೆ 21ರಷ್ಟು ಇಳಿಯುತ್ತಾ ಹೋಗಿತ್ತು. ಆ ಪಂಪನ್ನು ನಿಲ್ಲಿಸಿದ ಮೊದಲ ಮೂರು ತಿಂಗಳಲ್ಲಿ ಸಾವು ಹೆಚ್ಚಾಗಿತ್ತು. 2019ರಲ್ಲಿ ಅಂತರರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿಯೇ ಬದಲಾಯಿತು. ದೊಡ್ಡವರಿಗೆ ಬರೀ ಸಾಲ್ಬುಟಮಾಲ್ ಒಂದನ್ನೇ ಕೊಟ್ಟು ಕಳುಹಿಸಬಾರದು, ಬಾವಿನ ಔಷಧ ಜೊತೆಯಲ್ಲಿ ಇರಲೇಬೇಕು ಎಂದಾಯಿತು. ಈಗ ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಎರಡೂ ಸೇರಿದ ಒಂದೇ ಪಂಪನ್ನು ದಿನಕ್ಕೂ ಆಪತ್ತಿಗೂ ಬಳಸುವ ಕ್ರಮವೂ ಬಂದಿದೆ. ಆದರೆ ಎಲ್ಲ ಜೋಡಿ ಪಂಪುಗಳನ್ನೂ ಹಾಗೆ ಬಳಸುವಂತಿಲ್ಲ. ಸಾಲ್ಮೆಟೆರಾಲ್ ಇರುವುದು ಆಪತ್ತಿಗೆ ಅಲ್ಲ. ನಿಮ್ಮದು ಯಾವುದು ಎಂದು ವೈದ್ಯರನ್ನು ಕೇಳಿ, ಪೆಟ್ಟಿಗೆಯ ಮೇಲೆ ‘ದಿನ’, ‘ಆಪತ್ತು’ ಎಂದು ಬರೆಸಿಕೊಳ್ಳಿ. ಬಣ್ಣ ನೋಡಿ ಗುರುತಿಟ್ಟುಕೊಳ್ಳಬೇಡಿ, ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ.

ಈಗ ಜನ ಯಾಕೆ ಬಿಡುತ್ತಾರೆ ಎಂಬುದಕ್ಕೆ ಬರೋಣ. ನಮ್ಮ ಜನರನ್ನು ಮಾತ್ರ ದೂರುವುದು ಸರಿಯಲ್ಲ. ದೀರ್ಘಕಾಲದ ಕಾಯಿಲೆಗಳ ಔಷಧವನ್ನು ಹೇಳಿದಂತೆ ತೆಗೆದುಕೊಳ್ಳುವವರು ಮುಂದುವರಿದ ದೇಶಗಳಲ್ಲೂ ಸುಮಾರು ಅರ್ಧದಷ್ಟು ಮಂದಿ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿ ಹೇಳಿದೆ.

ನಾನು ಅತಿ ಹೆಚ್ಚು ಕೇಳುವ ಮಾತು: ‘ಸಾರ್, ಪಂಪು ಹಿಡಿದರೆ ಸಾಯೋವರೆಗೂ ಬಿಡಲ್ಲವಂತೆ, ಮಾತ್ರೆ ಕೊಡಿ ಸಾಕು.’ ಇಲ್ಲೊಂದು ಚಿಕ್ಕ ಗಣಿತ ಮಾಡೋಣ. ಸಾಲ್ಬುಟಮಾಲ್ ಮಾತ್ರೆ 4 ಮಿಲಿಗ್ರಾಂ, ಅಂದರೆ 4000 ಮೈಕ್ರೋಗ್ರಾಂ. ಪಂಪಿನ ಒಂದು ಸಲದ ಔಷಧ 100 ಮೈಕ್ರೋಗ್ರಾಂ. ಒಂದು ಮಾತ್ರೆ ನುಂಗಿದರೆ 40 ಸಲ ಪಂಪು ಹೊಡೆದಷ್ಟು ಔಷಧ ಹೊಟ್ಟೆಗೆ ಹೋಗಿ, ರಕ್ತ ಸೇರಿ, ಮೈಯೆಲ್ಲ ಸುತ್ತಿ, ಕೊನೆಗೆ ಸ್ವಲ್ಪ ಎದೆಗೆ ಬರುತ್ತದೆ. ಅದಕ್ಕೇ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಕೆರೆಯ ತೂಬು ಎತ್ತಿ ಬಯಲಿಗೆಲ್ಲ ನೀರು ಬಿಡುವುದಕ್ಕೂ ಗಿಡದ ಬುಡಕ್ಕೆ ಚೊಂಬಿನಲ್ಲಿ ಹಾಕುವುದಕ್ಕೂ ಇರುವಷ್ಟೇ ವ್ಯತ್ಯಾಸ. ಪ್ರೆಡ್ನಿಸೊಲೋನ್ ಮಾತ್ರೆಯದೂ ಇದೇ ಕಥೆ, ಅದರ ಅಪಾಯ ಇನ್ನೂ ಹೆಚ್ಚು.

‘ಸ್ಟೀರಾಯ್ಡ್’ ಎಂಬ ಹೆಸರಿಗೆ ಹೆದರುವವರು ಬಹಳ. ಹೆದರಬೇಕಾದ್ದು ಬೇರೆ ಕಡೆ. ದಮ್ಮು ಬಂದಾಗಲೆಲ್ಲ ಊರಿನಲ್ಲಿ ಸೂಜಿ ಹಾಕಿಸಿಕೊಳ್ಳುತ್ತಾರಲ್ಲ, ಅದರಲ್ಲಿ ಅನೇಕ ಸಲ ಇರುವುದು ಡೆಕ್ಸಾಮೆಥಾಸೋನ್. ಅದೂ ಸ್ಟೀರಾಯ್ಡೇ, ಮಿಲಿಗ್ರಾಂ ಲೆಕ್ಕದಲ್ಲಿ. ಪಂಪಿನಲ್ಲಿರುವುದು ಮೈಕ್ರೋಗ್ರಾಂ ಲೆಕ್ಕ. ತಿಂಗಳಿಗೆ ಮೂರು ನಾಲ್ಕು ಸೂಜಿ, ವರ್ಷಗಟ್ಟಲೆ ಹೆಸರಿಲ್ಲದ ಪೊಟ್ಟಣದ ಪುಡಿ, ಇವುಗಳಿಂದ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆ ಬರುತ್ತವೆ. ಪಂಪಿನಿಂದ ಬರುವುದು ಹೆಚ್ಚಾಗಿ ಬಾಯಿಯಲ್ಲಿ ಬಿಳಿ ಅಗ್ರ, ಗಂಟಲು ಒಡೆಯುವುದು. ಎಳೆದ ನಂತರ ಬಾಯಿ ಮುಕ್ಕಳಿಸಿ ಉಗುಳಿದರೆ ಅದೂ ಬಹುಮಟ್ಟಿಗೆ ಬರುವುದಿಲ್ಲ. ಬಹಳ ಕಾಲ ಸ್ಟೀರಾಯ್ಡ್ ಮಾತ್ರೆ ತಿಂದವರು ಮಾತ್ರ ಇದನ್ನು ಕೇಳಿ ನಾಳೆಯೇ ದಿಢೀರ್ ಎಂದು ನಿಲ್ಲಿಸಬೇಡಿ, ಅದನ್ನು ವೈದ್ಯರೇ ಹಂತ ಹಂತವಾಗಿ ಇಳಿಸಬೇಕು.

ಎಳೆದುಕೊಳ್ಳುವ ಔಷಧ ಹೊಸದೇನಲ್ಲ. ಉಮ್ಮತ್ತಿ ಎಲೆಯನ್ನು ಒಣಗಿಸಿ ದಮ್ಮಿಗೆ ಸೇದುವ ಪದ್ಧತಿ ನಮ್ಮ ದಕ್ಷಿಣದಲ್ಲೇ ಇತ್ತು. 1802ರಲ್ಲಿ ಮದ್ರಾಸಿನಿಂದಲೇ ಅದು ಬ್ರಿಟನ್ನಿಗೆ ಹೋಯಿತು. (ಇದನ್ನು ಕೇಳಿ ಯಾರೂ ಉಮ್ಮತ್ತಿ ಕೀಳಲು ಹೋಗಬೇಡಿ. ಅದು ವಿಷ.) ಈಗ ನಾವು ಬಳಸುವ ಒತ್ತುವ ಪಂಪು ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಅಮೆರಿಕದ ಔಷಧ ಕಂಪನಿಯೊಂದರ ಮುಖ್ಯಸ್ಥರ ಮಗಳಿಗೆ ಉಬ್ಬಸವಿತ್ತು. ಕೂದಲಿಗೆ ಹೊಡೆಯುವ ಸ್ಪ್ರೇಯ ಹಾಗೆ ನನ್ನ ಔಷಧವನ್ನೂ ಯಾಕೆ ಮಾಡಬಾರದು ಎಂದು ಆ ಹುಡುಗಿ ಕೇಳಿದ್ದರಿಂದ ಅದು ಹುಟ್ಟಿತು ಎನ್ನುತ್ತಾರೆ.

ಇನ್ನೊಂದು ಕಾರಣ ನಾಚಿಕೆ. ಇದನ್ನು ಹೆಣ್ಣುಮಕ್ಕಳಲ್ಲಿ ಹೆಚ್ಚು ನೋಡಿದ್ದೇನೆ. ಒಬ್ಬ ತಾಯಿ ನನ್ನ ಬಳಿ ಬಂದಿದ್ದರು, ಊರು ಹೆಸರು ಬೇಡ. ಮದುವೆಯಾಗಿ ಆರು ವರ್ಷ. ಪಂಪು ಸೇದುವುದು ಅತ್ತೆಗೆ ಗೊತ್ತಾಗಬಾರದೆಂದು ಅದನ್ನು ಹುಲ್ಲಿನ ಬಣವೆಯ ಸಂದಿನಲ್ಲಿ ಇಡುತ್ತಿದ್ದರು! ಉಬ್ಬಸಕ್ಕೆ ಅದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗದು. ಎರಡು ಹಸು ಕರೆಯುವುದು, ಸಗಣಿ ಬಾಚುವುದು, ಹುಲ್ಲು ಹಾಕುವುದು ಎಲ್ಲ ಅವರದೇ. ಮಾಗಿಯ ಒಂದು ರಾತ್ರಿ ದಮ್ಮು ಏರಿ, ಮಾತು ನಿಂತು, ಆಂಬುಲೆನ್ಸಿನಲ್ಲಿ ಸಾಗಿಸುವ ಹೊತ್ತಿಗೆ ತುಟಿ ನೀಲಿಯಾಗಿತ್ತು. ಉಳಿದರು. ಅತ್ತೆಯವರು ಆಸ್ಪತ್ರೆಯಲ್ಲಿ ಕೇಳಿದ್ದು ಒಂದೇ ಮಾತು: ‘ಹೇಳಿದ್ದರೆ ನಾನೇ ತಂದುಕೊಡುತ್ತಿರಲಿಲ್ಲವೇನೆ?’ ಈಗ ಪಂಪು ದೇವರ ಗೂಡಿನ ಪಕ್ಕ ಇದೆ, ನೆನಪಿಸುವವರು ಅತ್ತೆಯೇ. ಬಸುರಿ ಬಾಣಂತಿಯರೂ ದಿನದ ಪಂಪನ್ನು ಬಿಡಬಾರದು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಗುವಿಗೆ ಅಪಾಯ ತಾಯಿಯ ದಮ್ಮಿನಿಂದಲೇ ಹೊರತು ಪಂಪಿನಿಂದಲ್ಲ.

ಮೃಗಶಿರಾ ಮಳೆ ಹುಟ್ಟುವ ಹೊತ್ತಿಗೆ ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಕೊಡುವ ಮೀನಿನ ಔಷಧಕ್ಕೆ ಹೋಗುವ ಬಗ್ಗೆಯೂ ನನ್ನನ್ನು ಕೇಳುತ್ತಾರೆ. ಜೀವಂತ ಮರಿಮೀನಿನ ಬಾಯಲ್ಲಿ ಔಷಧವಿಟ್ಟು ನುಂಗಿಸುವ ಪದ್ಧತಿ. ಅದರಿಂದ ಉಬ್ಬಸ ವಾಸಿಯಾಗುತ್ತದೆ ಎಂಬುದಕ್ಕೆ ವೈದ್ಯಕೀಯ ಪುರಾವೆ ಇಲ್ಲ. ನಂಬಿಕೆಯಿಂದ ಹೋಗುವವರ ಜೊತೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಎರಡು ಪಂಪನ್ನೂ ಚೀಲದಲ್ಲಿಟ್ಟುಕೊಂಡು ಹೋಗಿ, ಬಂದ ಮೇಲೂ ಮುಂದುವರಿಸಿ. ಆ ನೂಕುನುಗ್ಗಲಿನಲ್ಲಿ ಪಂಪು ಇಲ್ಲದೆ ನಿಲ್ಲುವುದು ಉಬ್ಬಸದವರಿಗೆ ತಕ್ಕದ್ದಲ್ಲ.

ಹಣದ ಮಾತು. ‘ಯಶಸ್ವಿನಿ’ ಕಾರ್ಡು ಮುಖ್ಯವಾಗಿ ಆಸ್ಪತ್ರೆಗೆ ಸೇರಿ ಮಾಡಿಸುವ ಚಿಕಿತ್ಸೆಗೆ. ತಿಂಗಳ ಪಂಪಿನ ಖರ್ಚು ನಮ್ಮದೇ ಎಂದು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಸಾಲ್ಬುಟಮಾಲ್, ಬುಡೆಸೊನೈಡ್ ಎರಡೂ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ, ಇಲ್ಲದಿದ್ದರೆ ಜನೌಷಧಿ ಅಂಗಡಿಯಲ್ಲಿ ಕೇಳಿ. ದಿನಕ್ಕೆ ಹತ್ತು ಲೀಟರ್ ಹಾಕುವ ಹಸುವಿನ ಎರಡು ದಿನದ ಹಾಲಿನ ಹಣದೊಳಗೆ ಒಂದು ದಿನದ ಪಂಪು ಸಾಮಾನ್ಯವಾಗಿ ಬರುತ್ತದೆ. ಬಟವಾಡೆ ಬಂದ ದಿನವೇ ಹಿಂಡಿ, ಬೂಸಾದ ಜೊತೆ ಪಂಪಿನ ಹಣವನ್ನೂ ತೆಗೆದಿಡಿ. ಒಂದು ರಾತ್ರಿ ದಮ್ಮು ಕೆಟ್ಟು ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರ್ ಕಾರು ಮಾಡಿಕೊಂಡು ಹೋದವರಿಗೆ ಯಾವುದು ದುಬಾರಿ ಎಂದು ಹೇಳಬೇಕಿಲ್ಲ.

ಇನ್ನು ಎಳೆಯುವ ಕ್ರಮ. ಇದರಲ್ಲಿ ತುಸು ನಿಧಾನಿಸುತ್ತೇನೆ, ಯಾಕೆಂದರೆ ಪಂಪು ಬಿಡದೆ ಬಳಸಿಯೂ ಗುಣ ಕಾಣದವರಲ್ಲಿ ಬಹಳ ಜನರ ತೊಂದರೆ ಇಲ್ಲಿದೆ.

ಒತ್ತುವ ಪಂಪು, ಅಂದರೆ ಗ್ಯಾಸ್ ಡಬ್ಬಿ ಇರುವುದು: ಮುಚ್ಚಳ ತೆಗೆದು, ಒಳಗೆ ಕಸ ಇಲ್ಲವೆಂದು ನೋಡಿ, ಚೆನ್ನಾಗಿ ಅಲ್ಲಾಡಿಸಿ. ಎದೆಯ ಗಾಳಿಯನ್ನೆಲ್ಲ ನಿಧಾನವಾಗಿ ಹೊರಗೆ ಬಿಡಿ. ತುಟಿಯನ್ನು ಬಿಗಿಯಾಗಿ ಕಚ್ಚಿ ಹಿಡಿದು, ಉಸಿರು ಎಳೆಯಲು ಶುರು ಮಾಡುವ ಕ್ಷಣದಲ್ಲೇ ಒಂದು ಸಲ ಒತ್ತಿ. ನಿಧಾನವಾಗಿ ಎಳೆಯುತ್ತಲೇ ಇರಿ, ನಾಲ್ಕೈದು ಎಣಿಸುವಷ್ಟು. ನಂತರ ಹತ್ತು ಎಣಿಸುವವರೆಗೆ ಉಸಿರು ಕಟ್ಟಿ ಹಿಡಿಯಿರಿ. ಎರಡನೆಯ ಸಲಕ್ಕೆ ಅರ್ಧ ನಿಮಿಷವಾದರೂ ಬಿಟ್ಟು, ಮತ್ತೆ ಅಲ್ಲಾಡಿಸಿ ಮಾಡಿ. ಬಾಯಿ ತೆರೆದು ದೂರದಿಂದ ಎರಡು ಸಲ ‘ಫುಸ್ ಫುಸ್’ ಎನ್ನಿಸಿದರೆ ಔಷಧ ನಾಲಿಗೆಗೆ ಬೀಳುತ್ತದೆಯೇ ಹೊರತು ಎದೆಗೆ ಅಲ್ಲ.

ಕ್ಯಾಪ್ಸೂಲಿನ ಪಂಪು, ರೋಟಾಹೇಲರ್ ಮುಂತಾದವು: ಇಲ್ಲಿ ಲೆಕ್ಕ ತಿರುಗುಮುರುಗು. ಕ್ಯಾಪ್ಸೂಲು ಹಾಕಿ ತಿರುಗಿಸಿ, ಗಾಳಿಯನ್ನು ಪಕ್ಕಕ್ಕೆ ಬಿಟ್ಟು (ಪಂಪಿನೊಳಗೆ ಊದಬಾರದು, ಪುಡಿ ತೇವವಾಗಿ ಮುದ್ದೆಯಾಗುತ್ತದೆ), ತುಟಿ ಬಿಗಿ ಹಿಡಿದು ಜೋರಾಗಿ, ಆಳವಾಗಿ ಎಳೆಯಬೇಕು. ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಕ್ಯಾಪ್ಸೂಲನ್ನು ನುಂಗಿದವರನ್ನೂ ನಾನು ನೋಡಿದ್ದೇನೆ, ನಗಬೇಡಿ, ಅವರಿಗೆ ಯಾರೂ ತೋರಿಸಿರಲಿಲ್ಲ. ಒತ್ತುವುದನ್ನು ನಿಧಾನ, ಪುಡಿಯದನ್ನು ಜೋರು: ಇದನ್ನು ಅದಲು ಬದಲು ಮಾಡಿದರೆ ಎರಡೂ ವ್ಯರ್ಥ. ಶಿರಾದಲ್ಲಿ ಒಂದು ಬಗೆ, ಹಿಂದೂಪುರದಲ್ಲಿ ಇನ್ನೊಂದು ಬಗೆ ಬರೆಸಿಕೊಂಡು ಎರಡನ್ನೂ ಒಂದೇ ರೀತಿ ಎಳೆಯುವವರಿದ್ದಾರೆ. ಯಾವ ಆಸ್ಪತ್ರೆಗೆ ಹೋದರೂ ಹಳೆಯ ಪಂಪನ್ನು ಜೊತೆಗೆ ಒಯ್ಯಿರಿ.

ಕೈಯೂ ಉಸಿರೂ ಒಟ್ಟಿಗೆ ಹೊಂದದವರಿಗೆ, ವಯಸ್ಸಾದವರಿಗೆ, ಸ್ಪೇಸರ್ ಎಂಬ ಪ್ಲಾಸ್ಟಿಕ್ ಬುರುಡೆ ಬಹಳ ಒಳ್ಳೆಯದು. ಒಂದು ತುದಿಗೆ ಪಂಪು, ಇನ್ನೊಂದಕ್ಕೆ ಬಾಯಿ. ಒಂದು ಸಲ ಒತ್ತಿ ನಾಲ್ಕೈದು ಸಲ ಸಹಜವಾಗಿ ಉಸಿರಾಡಿದರೆ ಸಾಕು. ಅದು ಇಲ್ಲದ ಕಡೆ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪಿನ ಬಾಯಿಯಷ್ಟೇ ತೂತು ಮಾಡಿ ಬಳಸಿದರೂ ಕೊಂಡ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆ ಎಂದು ದಕ್ಷಿಣ ಆಫ್ರಿಕಾದ ವೈದ್ಯರು ಮಕ್ಕಳ ಮೇಲೆ ಪರೀಕ್ಷೆ ಮಾಡಿ 1999ರಲ್ಲಿ ಪ್ರಕಟಿಸಿದ್ದಾರೆ. ರಾತ್ರಿ ಆಪತ್ತಿನಲ್ಲಿ ಇದು ನೆನಪಿರಲಿ.

ಡಬ್ಬಿ ಖಾಲಿಯಾದದ್ದು ಹೇಗೆ ತಿಳಿಯುವುದು? ಅಲ್ಲಾಡಿಸಿ ನೋಡಿದರೆ ತಿಳಿಯದು, ನೀರಿನಲ್ಲಿ ತೇಲಿಸಿದರೂ ತಿಳಿಯದು. ಔಷಧ ಮುಗಿದ ಮೇಲೂ ಗ್ಯಾಸು ಬರುತ್ತಲೇ ಇರುತ್ತದೆ. ಎಣಿಕೆಯ ಕಿಂಡಿ ಇರುವ ಪಂಪಾದರೆ ಅಂಕಿ ನೋಡಿ. ಇಲ್ಲದಿದ್ದರೆ ಲೆಕ್ಕ ಹಾಕಿ: 200 ಸಲದ ಡಬ್ಬಿ, ಬೆಳಿಗ್ಗೆ ಎರಡು ಸಂಜೆ ಎರಡು ಎಂದರೆ 50 ದಿನ. ಯುಗಾದಿಗೆ ಕೊಂಡ ದಿನದ ಪಂಪು ಗೌರಿ ಹಬ್ಬಕ್ಕೂ ‘ಬರುತ್ತಿದೆ’ ಎಂದರೆ ಒಂದೋ ಗ್ಯಾಸು ಎಳೆಯುತ್ತಿದ್ದೀರಿ, ಇಲ್ಲವೇ ನಡುವೆ ಬಿಟ್ಟಿದ್ದೀರಿ. ತೆರೆದ ದಿನವನ್ನು ಡಬ್ಬಿಯ ಮೇಲೆ ಬರೆಯಿರಿ, ಹಾಲಿನ ಪುಸ್ತಕದ ಹಿಂದೆಯೂ ಬರೆಯಿರಿ. ಬೇಸಿಗೆಯಲ್ಲಿ ಬಿಸಿಲಿಗೂ ಒಲೆಯ ಹತ್ತಿರವೂ ಇಡಬೇಡಿ.

ಮರೆವಿಗೆ ನಿಮ್ಮಷ್ಟು ಸುಲಭದ ಮದ್ದು ಪೇಟೆಯವರಿಗೆ ಇಲ್ಲ. ದಿನಕ್ಕೆ ಎರಡು ಸಲ ಹಸು ಕರೆಯುವುದನ್ನು ನೀವು ಹಬ್ಬಕ್ಕೂ ತಪ್ಪಿಸುವುದಿಲ್ಲ, ಸೂತಕಕ್ಕೂ ತಪ್ಪಿಸುವುದಿಲ್ಲ. ದಿನದ ಪಂಪೂ ಹೆಚ್ಚಿನವರಿಗೆ ಎರಡು ಹೊತ್ತು. ಕೊಟ್ಟಿಗೆಗೆ ಇಳಿಯುವ ಮುಂಚೆ ಎಳೆದು, ಬಾಯಿ ಮುಕ್ಕಳಿಸಿ, ಹಾಲಿನ ಕ್ಯಾನು ಹಿಡಿಯಿರಿ. ಪಂಪನ್ನು ಕ್ಯಾನಿನ ಮೇಲಿನ ಗೂಡಿನಲ್ಲಿಟ್ಟರೆ ಮರೆಯುವುದಿಲ್ಲ.

ಧೂಳಿನ ವಿಷಯ ಸ್ವಲ್ಪ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ರಾಗಿ ಒಕ್ಕಣೆ, ಕಡಲೆಕಾಯಿ ಬಿಡಿಸುವುದು, ಹುಣಸೆ ಕುಟ್ಟುವುದು ಎಲ್ಲ ಧೂಳಿನ ಕೆಲಸ, ಅದೂ ಚಳಿಗಾಲ ಬೇಸಿಗೆಯ ಒಣಗಾಳಿಯಲ್ಲಿ. ನೆನೆದು ಬೂಷ್ಟು ಹಿಡಿದ ಬಣವೆಯನ್ನು ಉಬ್ಬಸದವರು ಬಿಚ್ಚಬಾರದು. ಹೊಟ್ಟು, ಬೂಸಾಕ್ಕೆ ನೀರು ಚಿಮುಕಿಸಿ ಕಲಸಿ, ಮೂಗು ಬಾಯಿಗೆ ವಸ್ತ್ರ ಕಟ್ಟಿ. ಕಾಂಗ್ರೆಸ್ ಗಿಡವನ್ನು ಹೂವಾಗುವ ಮೊದಲೇ ಬೇರೆಯವರಿಂದ ಕೀಳಿಸಿ. ಸೌದೆ ಒಲೆಯ ಬದಲು ಗೋಬರ್ ಗ್ಯಾಸು ಮಾಡಿಸಿಕೊಳ್ಳಲು ಸಗಣಿ ನಿಮ್ಮ ಮನೆಯಲ್ಲೇ ಇದೆ. ಬೀಡಿ ಬಗ್ಗೆ ನಾನು ಹೇಳುವುದೇನೂ ಇಲ್ಲ, ಸೇದುವವರಿಗೇ ಗೊತ್ತು. ಬಿ.ಪಿ.ಗೆ, ತಲೆನೋವಿಗೆ, ಮೈಕೈ ನೋವಿಗೆ ಮಾತ್ರೆ ತೆಗೆದುಕೊಳ್ಳುವಾಗ ‘ನನಗೆ ಉಬ್ಬಸ ಇದೆ’ ಎಂದು ಹೇಳಿ. ಪ್ರೊಪ್ರನಲಾಲ್ ಅಂತಹ ಮಾತ್ರೆಗಳು ದಮ್ಮು ಏರಿಸುತ್ತವೆ, ಆಸ್ಪಿರಿನ್ ಜಾತಿಯವು ಕೆಲವರಿಗೆ ಆಗುವುದಿಲ್ಲ.

ಕಾಯಿಲೆ ಹತೋಟಿಯಲ್ಲಿದೆಯೇ ಎಂದು ತಿಳಿಯಲು ಕಳೆದ ನಾಲ್ಕು ವಾರವನ್ನು ನೆನಪಿಸಿಕೊಳ್ಳಿ. ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ದಮ್ಮು ಬಂತೇ, ಅಥವಾ ಆಪತ್ತಿನ ಪಂಪು ಬೇಕಾಯಿತೇ? ರಾತ್ರಿ ದಮ್ಮಿನಿಂದ ಎಚ್ಚರವಾಯಿತೇ? ಕ್ಯಾನು ಹೊತ್ತು ಡೈರಿಗೆ ನಡೆಯುವಾಗ ನಿಲ್ಲಬೇಕಾಯಿತೇ? ಯಾವುದಕ್ಕಾದರೂ ಹೌದು ಎಂದರೆ ಈ ವಾರವೇ ವೈದ್ಯರನ್ನು ನೋಡಿ. ಎಲ್ಲಕ್ಕೂ ಇಲ್ಲ ಎಂದು ಮೂರು ತಿಂಗಳು ಕಳೆದರೆ ಔಷಧವನ್ನು ಇಳಿಸಬಹುದು. ಇಳಿಸುವವರು ವೈದ್ಯರು, ನೀವಲ್ಲ.

ಮಾತು ಪೂರ್ತಿ ಆಡಲಾಗದಷ್ಟು ದಮ್ಮು ಬಂದರೆ: ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಸ್ಪೇಸರಿನಲ್ಲಿ ಆಪತ್ತಿನ ಸಾಲ್ಬುಟಮಾಲ್ ಒಂದೊಂದೇ ಸಲ, ಅರ್ಧ ನಿಮಿಷ ಬಿಟ್ಟು, ಹತ್ತರವರೆಗೆ ಕೊಡಿ. ಅದೇ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಫೋನು ಮಾಡಲಿ, ದಾರಿಯಲ್ಲೂ ಕೊಡುತ್ತಿರಿ. ತುಟಿ ನೀಲಿಯಾದರೆ, ಮಂಪರು ಕವಿದರೆ, ಕುಯ್ ಸದ್ದು ನಿಂತೂ ದಮ್ಮು ನಿಲ್ಲದಿದ್ದರೆ ಅದು ಇಳಿದದ್ದಲ್ಲ, ಗಾಳಿಯೇ ಓಡುತ್ತಿಲ್ಲ ಎಂದು ಅರ್ಥ. ಕ್ಷಣವೂ ಕಾಯಬಾರದು.

ನನ್ನ ಮಾತು ಇಷ್ಟೇ. ಜೇಬಿನಲ್ಲಿ, ಸೆರಗಿನ ಗಂಟಿನಲ್ಲಿ ಪಂಪು ತಂದಿರುವವರು ಕಾಫಿಯಾದ ಮೇಲೆ ಆ ಬೇವಿನ ಮರದ ಕೆಳಗೆ ಬನ್ನಿ. ಖಾಲಿ ಪಂಪುಗಳನ್ನು ನಾನೂ ತಂದಿದ್ದೇನೆ. ಒಬ್ಬೊಬ್ಬರೂ ಎಳೆದು ತೋರಿಸಿ, ನೋಡಿಯೇ ಹೋಗುತ್ತೇನೆ.